ಒಂದೇ ಜ್ವರಕ್ಕೆ ಎರಡು ರಿಪೋರ್ಟು

ನನಗೆ ಬಂದಿದ್ದು ಮಂಗನ ಕಾಯಿಲೆಯೇ ಎಂದು ರಿಪೋರ್ಟು ಬಂದ ದಿನ ನಮ್ಮ ಮನೆಯವರು ಆಸ್ಪತ್ರೆಯ ಎದುರಿನ ಗಣಪತಿ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಹೆಂಡತಿಗೆ ಜೀವ ತೆಗೆಯುವ ಕಾಯಿಲೆ ಎಂದು ಗೊತ್ತಾದ ಮೇಲೆ ಕಾಯಿ ಒಡೆಸಿದ ಗಂಡ ಬೇರೆಲ್ಲಾದರೂ ಇದ್ದಾನೋ ಇಲ್ಲವೋ ನನಗೆ ತಿಳಿಯದು. ಸಿದ್ದಾಪುರದ ಕಡೆಯವರಿಗೆ ಮಾತ್ರ ಇದು ಅರ್ಥವಾಗುತ್ತದೆ. ಪಾಸಿಟಿವ್ ಬಂದರೆ, ಮನೆಯಲ್ಲಿ ಯಾವ ಬಣ್ಣದ ರೇಷನ್ ಕಾರ್ಡಿದ್ದರೂ, ಆ ಒಂದು ಕಾಯಿಲೆಯ ಖರ್ಚನ್ನು ಸರ್ಕಾರ ನೋಡಿಕೊಳ್ಳುತ್ತದೆ. ನೆಗೆಟಿವ್ ಬಂದರೆ ಅದು ಬರೀ ಜ್ವರ. ಬರೀ ಜ್ವರಕ್ಕೆ ಯಾರು ಬಿಲ್ಲು ಕಟ್ಟುತ್ತಾರೆ? ಹಾಗಾಗಿ ನಮ್ಮ ಮನೆಯವರು ದೇವರ ಹತ್ತಿರ, ನನ್ನ ಹೆಂಡತಿಗೆ ಇರುವುದು ದೊಡ್ಡ ಕಾಯಿಲೆಯೇ ಆಗಿರಲಿ ಎಂದು ಬೇಡಿಕೊಂಡರು. ದೇವರು ಕೇಳಿಸಿಕೊಂಡ. ಆದರೆ ಒಬ್ಬಳ ಪಾಲಿಗೆ ಮಾತ್ರ ಕೇಳಿಸಿಕೊಂಡ.

ಇದನ್ನು ಬರೆಯುವುದಕ್ಕೆ ನನಗೆ ಒಂದು ವರ್ಷಕ್ಕೂ ಮೇಲೆ ಹಿಡಿಯಿತು. ಕೈ ನಡುಗುತ್ತಿತ್ತು ಎನ್ನುವುದು ಒಂದು ಕಾರಣ. ಬರೆಯಲು ಕೂತರೆ ಸಿಟ್ಟು ಬರುತ್ತಿತ್ತು ಎನ್ನುವುದು ಇನ್ನೊಂದು. ಈ ಜ್ವರದಲ್ಲಿ ಮಲಗಿರುವವರು ಯಾರಾದರೂ ಓದಿದರೆ, ಕಣ್ಣು ಬಿಡಲಾಗದ ಆ ತಲೆನೋವು ನಿಮಗೊಬ್ಬರಿಗೇ ಅಲ್ಲ ಎಂದು ಗೊತ್ತಾಗಲಿ. ಅಷ್ಟೇ ನನ್ನ ಆಸೆ.

ನಮ್ಮದು ಮನ್ಮನೆಯ ಹತ್ತಿರದ ಊರು. ನಾನು ಬ್ಲೌಸ್ ಹೊಲಿಯುವವಳು. ಮದುವೆ ಸೀಸನ್ನಿನಲ್ಲಿ ಸಿದ್ದಾಪುರ ಪೇಟೆಯಿಂದಲೂ ಬಟ್ಟೆ ಬರುತ್ತಿತ್ತು. ನಮ್ಮ ಮನೆಯವರು ಸೊಸೈಟಿಯಲ್ಲಿ ಕೆಲಸಕ್ಕಿದ್ದಾರೆ. ಪಕ್ಕದ ಮನೆ ನನ್ನ ಮೈದುನ ಮಂಜನದು. ಒಂದೇ ಅಂಗಳ, ಎರಡು ಒಲೆ. ಮಂಜನ ಹೆಂಡತಿ ನಾಗವೇಣಿ ಯಲ್ಲಾಪುರದವಳು. ಅಪ್ಪನಿಗೆ ಅಲ್ಲಿ ಹೆದ್ದಾರಿ ಪಕ್ಕದಲ್ಲಿ ಲಾರಿಯವರು ಊಟಕ್ಕೆ ನಿಲ್ಲಿಸುವ ಖಾನಾವಳಿ ಇತ್ತು. ಅದಕ್ಕೇ ಇರಬೇಕು, ಅವಳಿಗೆ ನಾಲ್ಕು ಜನರಿಗೆ ಅಡಿಗೆ ಮಾಡಲು ಬರುತ್ತಲೇ ಇರಲಿಲ್ಲ. ಮಾಡಿದರೆ ಹತ್ತು ಜನರಿಗೆ. ಉಳಿದದ್ದನ್ನು ನಮ್ಮ ಮನೆಗೆ ತಂದು, "ಅಕ್ಕಾ, ಇವತ್ತು ಒಲೆ ಹಚ್ಚಬ್ಯಾಡ" ಎನ್ನುವಳು. ನಾನು ಗೊಣಗುತ್ತಿದ್ದೆ, ಉಣ್ಣುತ್ತಿದ್ದೆ.

ಶಿವರಾತ್ರಿ ಕಳೆದ ಮೇಲೆ ಬೆಟ್ಟದಲ್ಲಿ ಎಲೆ ಉದುರಿ ರಾಶಿ ಬೀಳುತ್ತದೆ. ಆ ಒಣ ಎಲೆಗೆ ನಮ್ಮಲ್ಲಿ ದರಕು ಎನ್ನುತ್ತೇವೆ. ಅದನ್ನು ಗುಡಿಸಿ ಹೆಡಿಗೆಯಲ್ಲಿ ತುಂಬಿ ತಂದು ಕೊಟ್ಟಿಗೆಗೆ ಹಾಸಬೇಕು, ಅದೇ ಮುಂದೆ ಗೊಬ್ಬರ. ಕಾಯಿಲೆ ಬರುವುದೂ ಅದೇ ತಿಂಗಳುಗಳಲ್ಲಿ, ಅದೇ ಎಲೆಯೊಳಗಿನ, ರಕ್ತ ಹೀರುವ ಉಣುಗಿನಿಂದ. ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹೋಗುತ್ತೇವೆ, ದನ ಒದ್ದೆ ನೆಲದ ಮೇಲೆ ಮಲಗುತ್ತದೆಯೇ? ಮೊದಲೆಲ್ಲ ಲಸಿಕೆ ಕೊಡುತ್ತಿದ್ದರು, ಈಗ ಅದನ್ನು ನಿಲ್ಲಿಸಿದ್ದಾರೆ. ಉಣುಗು ಹತ್ತದ ಹಾಗೆ ಕೈಕಾಲಿಗೆ ಸವರಿಕೊಳ್ಳಲು ಆರೋಗ್ಯ ಇಲಾಖೆಯವರು ಒಂದು ಎಣ್ಣೆ ಕೊಡುತ್ತಾರೆ. ಆ ವರ್ಷದ್ದು ನಮ್ಮ ಕೇರಿಗೆ ಇನ್ನೂ ಬಂದಿರಲಿಲ್ಲ.

ನಾನೂ ನಾಗವೇಣಿಯೂ ಹೋದೆವು. ಅವಳೇ ಮೊದಲು ನೋಡಿದ್ದು. ಮತ್ತಿ ಮರದ ಬುಡದಲ್ಲಿ ಕರಿಮೂತಿಯ ದೊಡ್ಡ ಮಂಗ, ಮಗ್ಗುಲಾಗಿ ಬಿದ್ದಿತ್ತು. ಮೈಮೇಲೆ ಗಾಯವಿಲ್ಲ. ನಾನು ಅವಳ ಕೈ ಹಿಡಿದು ಎಳೆದೆ. ಸತ್ತ ಮಂಗದ ಹತ್ತಿರ ಹೋಗಬಾರದು, ಆಸ್ಪತ್ರೆಗೆ ಫೋನು ಮಾಡಬೇಕು, ಅವರು ಬಂದು ಸುಡುತ್ತಾರೆ ಎಂದೆ. ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನೇ ಏನೋ ಮಾಡಬಾರದ್ದು ಮಾಡಲು ಹೊರಟವಳಂತೆ.

"ಹನುಮಪ್ಪನ ಕುಲ ಅಲ್ದ ಅಕ್ಕ? ಬಾಯಿಗೆ ಒಂದ್ ಹನಿ ನೀರ್ ಬಿಡ್ದೆ ಹಾಂಗೇ ಹೋಗೂದಾ?"

ಯಲ್ಲಾಪುರದ ಅವರ ಕಡೆ ಈ ಕಾಯಿಲೆಯ ಸುದ್ದಿ ಕೇಳಿದವರು ಕಡಿಮೆ. ಅಲ್ಲಿ ಮಂಗ ಸತ್ತರೆ ಮನುಷ್ಯರು ಸತ್ತ ಹಾಗೆಯೇ ಹೂವು ಹಾಕಿ, ಬಾಯಿಗೆ ಹಾಲೋ ನೀರೋ ಬಿಟ್ಟು, ಹೊಸ ಬಟ್ಟೆ ಹೊದೆಸಿ ಮಣ್ಣು ಮಾಡುತ್ತಾರೆ. ನಮ್ಮ ಊರಿನಲ್ಲೂ ಹಿಂದೆ ಹಾಗೇ ಮಾಡುತ್ತಿದ್ದರು, ಕಾಯಿಲೆ ಬಂದ ಮೇಲೆ ಬಿಟ್ಟರು. ಅವಳು ಬಿಡಲಿಲ್ಲ. ಕುಡಿಯಲು ತಂದಿದ್ದ ಚೊಂಬಿನ ನೀರನ್ನು ಮಂಗದ ಬಾಯಿಗೆ ಬಿಟ್ಟಳು. ಹೊದೆಸಲು ಬಟ್ಟೆ ಬೇಕು, ಹಳೆಯದು ಆಗುವುದಿಲ್ಲ ಎಂದಳು. ಹೊಲಿಯುವವಳ ಮನೆಯಲ್ಲಿ ಹೊಸ ಬಟ್ಟೆಗೆ ಬರಗಾಲವೇ? ನಾನೇ ಗೊಣಗುತ್ತ ಮನೆಗೆ ಹೋಗಿ ಒಂದು ಕೆಂಪು ರವಿಕೆ ಕಣ, ಒಂದು ಗುದ್ದಲಿ ತಂದೆ. ಇಬ್ಬರೂ ಸೇರಿ ಅಲ್ಲಿಯೇ ಗುಂಡಿ ತೋಡಿ ಮುಚ್ಚಿದೆವು. ಬರುವಾಗ ಅವಳು, "ಈಗ ಮನಸಿಗೆ ಸಮಾಧಾನ ಆತು" ಎಂದಳು. ನಿಜ ಹೇಳಬೇಕೆಂದರೆ ನನಗೂ ಆಗಿತ್ತು.

ಜ್ವರ ಮೊದಲು ಬಂದದ್ದು ನನಗೆ. ಬಂತು ಎನ್ನುವುದಕ್ಕಿಂತ ಬಿತ್ತು ಎನ್ನಬೇಕು. ಬೆಳಿಗ್ಗೆ ಹೊಲಿಗೆ ಮೆಶಿನ್ನಿನ ಮುಂದೆ ಕೂತವಳಿಗೆ ಮಧ್ಯಾಹ್ನದ ಹೊತ್ತಿಗೆ ಸೊಂಟ ಮುರಿದ ಹಾಗಾಗಿ, ಕಣ್ಣುಗುಡ್ಡೆಯ ಹಿಂದೆ ಯಾರೋ ಒತ್ತುತ್ತಿದ್ದಾರೆ ಅನ್ನಿಸಿತು. ಬಾಗಿಲಿನ ಬೆಳಕು ಕಂಡರೆ ವಾಂತಿ. ಸಿದ್ದಾಪುರದ ಆಸ್ಪತ್ರೆಗೆ ಹೋದರೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ನಿಮ್ಮ ಕಡೆ ಮಂಗ ಏನಾದರೂ ಸತ್ತಿದೆಯಾ ಎಂದು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಕೆಂಪು ಕಣವನ್ನೂ ಬಿಡದೆ. ಅವರು ಬಯ್ಯಲಿಲ್ಲ. ತಕ್ಷಣ ರಕ್ತ ತೆಗೆಸಿ, ಪರೀಕ್ಷೆಗೆ ಬೇರೆ ಜಿಲ್ಲೆಗೆ ಕಳಿಸಬೇಕು, ಅಲ್ಲಿಯವರೆಗೆ ಇಲ್ಲೇ ಇರಿ ಎಂದರು.

ಆ ಕಾಯುವ ದಿನಗಳನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ವಾರ್ಡಿನ ಕಿಟಕಿಗೆ ನಾಗವೇಣಿ ತನ್ನ ಕಪ್ಪು ಶಾಲು ಕಟ್ಟಿ ಬೆಳಕು ತಡೆದಿದ್ದಳು. ಮನೆಯಿಂದ ಗಂಜಿ ತಂದು ಚಮಚದಲ್ಲಿ ಕುಡಿಸುತ್ತಿದ್ದಳು. ವಸಡಿನಲ್ಲಿ ರಕ್ತ ಬಂದು ಗಂಜಿ ಕೆಂಪಾದಾಗ ಅದನ್ನು ನನಗೆ ಕಾಣದ ಹಾಗೆ ಚೆಲ್ಲಿ ಬಂದು, ಆರಿಹೋಗಿತ್ತು, ಬೇರೆ ತರುತ್ತೇನೆ ಎಂದಳು. ಹೊರಗೆ ಬೆಂಚಿನ ಮೇಲೆ ನಮ್ಮ ಮನೆಯವರೂ, ಶಿರಸಿಯಿಂದ ಬಂದಿದ್ದ ನಮ್ಮಣ್ಣನೂ ಕೂತಿರುತ್ತಿದ್ದರು. ರಿಪೋರ್ಟು ಬರುವ ಮೊದಲೇ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋದರೆ ಡಿಪಾಜಿಟ್ಟು ಕಟ್ಟಬೇಕು, ಬಂದ ಮೇಲೆ ಹೋದರೆ ಎಲ್ಲ ಸರ್ಕಾರದ್ದು. ಅಣ್ಣ ಈಗಲೇ ಹೋಗೋಣ ಎಂದ. ನಮ್ಮ ಮನೆಯವರು ಒಂದು ದಿನ ನೋಡೋಣ ಎಂದರು. ನಾನು ಒಳಗೆ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಜೀವದ ವಿಚಾರ ಅವರಿಬ್ಬರೂ ಅಡಿಕೆ ಈಗ ಕೊಡುವುದೋ, ದರ ಏರಲು ಕಾಯುವುದೋ ಎನ್ನುವ ಧಾಟಿಯಲ್ಲಿ ಮಾತಾಡುತ್ತಿದ್ದಾರಲ್ಲ ಎಂದು ಅಳು ಬಂತು. ಅವರದ್ದೂ ಹೆದರಿಕೆಯ ಮಾತೇ ಎಂದು ಈಗ ಗೊತ್ತು.

ರಿಪೋರ್ಟು ಬಂತು. ಕಾಯಿ ಒಡೆಸಿದ್ದು ಆಗಲೇ. ಸರ್ಕಾರದ ಅಂಬ್ಯುಲೆನ್ಸಿನಲ್ಲಿ ನನ್ನನ್ನು ಘಟ್ಟ ಇಳಿಸಿದರು. ಹೊರಡುವಾಗ ನಾಗವೇಣಿ ನನ್ನ ಕಾಲು ಒತ್ತುತ್ತ ನಿಂತಿದ್ದಳು. ಅವಳ ಕೈ ಬಿಸಿಯಿತ್ತು. ನನ್ನ ಮೈಯೇ ಉರಿಯುತ್ತಿದ್ದಾಗ ಅದು ಅವಳ ಜ್ವರ ಎಂದು ಹೇಗೆ ತಿಳಿಯಬೇಕು?

ಅವಳಿಗೆ ತಿಳಿದಿತ್ತು. ಆಮೇಲೆ ಮಂಜ ಹೇಳಿದ. ಮನೆಯಲ್ಲಿ ಎರಡು ಒಲೆಯ ಕೆಲಸ, ನಾಲ್ಕು ದನ, ನನ್ನ ಗಂಜಿ. ಈಗ ತಾನೂ ಮಲಗಿದರೆ ನೋಡುವವರು ಯಾರು ಎಂದು ಅವಳು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ ಓಡಾಡಿದಳು. ಕೆಲವು ದಿನಕ್ಕೆ ಜ್ವರ ಬಿಟ್ಟಿತು. ಬಿಟ್ಟ ಜ್ವರಕ್ಕೆ ಯಾರು ರಕ್ತ ಪರೀಕ್ಷೆ ಮಾಡಿಸುತ್ತಾರೆ? ಅಷ್ಟರಲ್ಲಿ ಯಲ್ಲಾಪುರದಲ್ಲಿ ಅವಳ ಅಣ್ಣನ ಮಗಳಿಗೆ ಬಯಕೆ ಊಟ. ಚೊಚ್ಚಲ ಬಸುರಿ, ಸೋದರತ್ತೆ ಹೋಗದೆ ಮಡಿಲು ತುಂಬುವುದು ಹೇಗೆ? ಹೋದಳು. ಅಲ್ಲಿ ಮಡಿಲಕ್ಕಿ ಹಾಕುವಾಗ ಕೈ ನಡುಗಿ ಅಕ್ಕಿ ಎಲ್ಲ ಚೆಲ್ಲಿತಂತೆ. ಎಲ್ಲರೂ ನಕ್ಕರಂತೆ. ಒಮ್ಮೆ ಬಿಟ್ಟು ಮತ್ತೆ ಬರುವುದು ಈ ಕಾಯಿಲೆಯ ಗುಣ. ಸಂಜೆಗೆ ಮತ್ತೆ ಜ್ವರ ಏರಿ, ಮಂಜನನ್ನು ಅಪ್ಪಾ ಎಂದು ಕರೆದಳಂತೆ.

ಯಲ್ಲಾಪುರದಿಂದ ಅವಳನ್ನು ಬಯಲುಸೀಮೆಯ ಒಂದು ಪಟ್ಟಣದ ಖಾಸಗಿ ಆಸ್ಪತ್ರೆಗೆ ಒಯ್ದರು. ಊರಿನ ಹೆಸರು, ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಂಥವು ಎಲ್ಲ ಕಡೆ ಇವೆ. ನ್ಯಾಯವಾಗಿ ಹೇಳುವುದಾದರೆ, ಬಾಗಿಲಲ್ಲಿ ಇಳಿಸಿದ ಕೂಡಲೇ ಒಳಗೆ ಕರೆದುಕೊಂಡರು. ಕಾರ್ಡು ಕೇಳಲಿಲ್ಲ, ಪತ್ರ ಕೇಳಲಿಲ್ಲ, ನಾಳೆ ಬನ್ನಿ ಎನ್ನಲಿಲ್ಲ. ಉಸಿರಾಟದ ಮೆಶಿನ್ ಸಿದ್ಧವಿತ್ತು. ಮಂಜ ಕೌಂಟರಿನಲ್ಲಿ ಕಟ್ಟುವಷ್ಟು ಕಟ್ಟಿದ, ಅಷ್ಟೇ.

ನಾನು ಡಿಸ್ಚಾರ್ಜ್ ಆಗಿ ಬಂದ ಮೇಲೆ ಹಠ ಹಿಡಿದು ಅವಳನ್ನು ನೋಡಲು ಹೋದೆ. ಅಣ್ಣನ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಹೋದದ್ದು. ಆ ಆಸ್ಪತ್ರೆಯ ಕಾಯುವ ಕೋಣೆ ಮದುವೆ ಮಂಟಪದ ಹಾಗಿತ್ತು. ತಂಪು ಗಾಳಿ, ಮೆತ್ತನೆಯ ಕುರ್ಚಿ, ಗೋಡೆಯ ಮೇಲೆ ಟಿವಿ. ಯಾರೂ ಜೋರಾಗಿ ಅಳುತ್ತಿರಲಿಲ್ಲ, ಅಂಥ ಜಾಗದಲ್ಲಿ ಅಳಲೂ ಸಂಕೋಚ. ಐಸಿಯು ಗಾಜಿನಾಚೆ ನಾಗವೇಣಿ ಮಲಗಿದ್ದಳು. ಬಾಯಿಗೆ ಕೊಳವೆ, ಕೈಗೆ ಪಟ್ಟಿ. ಹಣೆಯ ಕುಂಕುಮ ಯಾರೋ ಒರೆಸಿದ್ದರು. ನಾನು ನರ್ಸ್ ಹತ್ತಿರ ಒಂದು ಬಿಂದಿ ಕೊಟ್ಟೆ. ಆ ಹುಡುಗಿ ನಿಯಮದಲ್ಲಿ ಇಲ್ಲ ಎಂದಳು, ಆಮೇಲೆ ಒಳಗೆ ಹೋಗಿ ಹಚ್ಚಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ, ತನ್ನ ಪಾಡಿಗೆ ತಾನು ಮುಂದಿನ ಹಾಸಿಗೆಗೆ ಹೋದಳು. ಆ ಮಗಳು ಎಲ್ಲಿದ್ದರೂ ತಣ್ಣಗಿರಲಿ.

ಅಲ್ಲಿನ ಡಾಕ್ಟರು ನನ್ನ ಕಥೆ ಪೂರ್ತಿ ಕೇಳಿದರು. ಒಂದೇ ಮಂಗ, ಒಂದೇ ಗುಂಡಿ, ಒಂದೇ ದಿನ ಎಂದು ಹೇಳಿದೆ. ಅವರು ಮೊದಲೇ ರಕ್ತ ಕಳಿಸಿದ್ದರು. ಆ ಸಂಜೆ ರಿಪೋರ್ಟು ಬಂತು, ನೆಗೆಟಿವ್.

ಡಾಕ್ಟರಿಗೂ ಬೇಜಾರಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. "ನನ್ನ ಲೆಕ್ಕದಲ್ಲಿ ಇದು ಅದೇ ಕಾಯಿಲೆ. ತಡವಾಗಿ ತೆಗೆದ ರಕ್ತದಲ್ಲಿ ಸಿಗೋದಿಲ್ಲ, ಅಷ್ಟೇ. ಆದರೆ ಕಾಗದದಲ್ಲಿ ಹಾಗೆ ಬರೆದುಕೊಡೋಕೆ ನನಗೆ ಬರೋದಿಲ್ಲ" ಎಂದರು. ಇನ್ನೊಂದು ಬಗೆಯ ಪರೀಕ್ಷೆ ಇದೆಯಂತೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಮೂಲಕವೇ ಮತ್ತೆ ರಕ್ತ ಹೋಗಬೇಕು, ಮತ್ತೆ ಕಾಯಬೇಕು. ಕಾಯುವಷ್ಟು ದಿನ ಮೆಶಿನ್ನಿನ ಬಾಡಿಗೆ ಓಡುತ್ತಿರುತ್ತದೆ.

ಆ ಮೆತ್ತನೆಯ ಕುರ್ಚಿಗಳ ಮೇಲೆ ನಮ್ಮ ಮನೆಯವರಿಗೂ ಅಣ್ಣನಿಗೂ ನಡೆದ ವಾದ ಹೇಳಲೇಬೇಕು. ಆಮೇಲೆ ಎಷ್ಟೋ ದಿನ ನನ್ನ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಅಣ್ಣ ಶಿರಸಿಯಲ್ಲಿ ಔಷಧಿಯ ಸಗಟು ವ್ಯಾಪಾರದಲ್ಲಿ ಇರುವವನು. ಸರ್ಕಾರ ಕೈ ಹಾಕಿದ ಕಡೆ ಬರೀ ಕಾಗದ ಓಡಾಡುತ್ತದೆ, ರೋಗಿ ಮಲಗಿರುತ್ತಾನೆ ಎಂದ. ಕೆಲವು ಔಷಧಿಗೆ ಸರ್ಕಾರ ದರ ಕಟ್ಟಿದ ಮೇಲೆ ಮಾಡುವವರಿಗೆ ಗಿಟ್ಟದೆ ಅಂಗಡಿಯಲ್ಲಿ ಅದು ಕಾಣುವುದೇ ಅಪರೂಪವಾಗಿದೆಯಂತೆ. ದುಡ್ಡು ಕೊಟ್ಟಿದ್ದಕ್ಕೇ ಇಲ್ಲಿ ಬಾಗಿಲು ತೆಗೆದರು, ಅದನ್ನು ಮರೆಯಬೇಡಿ ಭಾವ ಎಂದ. ನಮ್ಮ ಮನೆಯವರು ಸುಮ್ಮನಿರುವವರಲ್ಲ. ಅವರ ಅಪ್ಪಯ್ಯನ ಎದೆಗೆ ಸ್ಟೆಂಟ್ ಹಾಕಿಸಿದ್ದು ಸರ್ಕಾರ ಅದರ ದರ ಇಳಿಸಿದ ಮೇಲೆ. ಮೊದಲಿನ ರೇಟೇ ಇದ್ದಿದ್ದರೆ ಅಪ್ಪಯ್ಯ ಆಗಲೇ ಹೋಗಿಬಿಡುತ್ತಿದ್ದರು. ಇಲ್ಲಿ ಹತ್ತಿಯ ಉಂಡೆಗೂ ಒಂದು ದರ ಹಾಕಿದ್ದಾರೆ, ಕೇಳುವವರು ಯಾರು ಎಂದರು. ನಿಮ್ಮ ತಂಗಿ ಉಳಿದಿದ್ದು ಯಾರ ಖರ್ಚಿನಲ್ಲಿ ಎಂದೂ ಕೇಳಿದರು. ಅಣ್ಣ, ಆ ಖರ್ಚಿಗೆ ಕಾಯುತ್ತ ಕೂತಾಗ ಅವಳು ಸಾಯಬಹುದಿತ್ತು ಎಂದ.

ಇಬ್ಬರೂ ಹೇಳಿದ್ದು ಸುಳ್ಳಲ್ಲ. ಅದೇ ನನಗೆ ಹೆಚ್ಚು ಸಂಕಟ. ಒಬ್ಬರದ್ದಾದರೂ ತಪ್ಪಾಗಿದ್ದರೆ ಬಯ್ದು ಹಗುರಾಗಬಹುದಿತ್ತು.

ಮಂಜ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಕೈಯಲ್ಲಿ ನಾಗವೇಣಿಯ ಬಳೆಗಳನ್ನು ಹಿಡಿದುಕೊಂಡಿದ್ದ, ಐಸಿಯುಗೆ ಹೋಗುವಾಗ ತೆಗೆದು ಕೊಟ್ಟಿದ್ದು. ತಲೆ ಎತ್ತಿ ಇಬ್ಬರನ್ನೂ ನೋಡಿದ.

"ನಿಮ್ಮಿಬ್ರಲ್ಲಿ ಯಾರ್ ಹೇಳ್ದಂಗೆ ಮಾಡಿದ್ರೆ ಅವ್ಳು ಏಳ್ತಾಳೆ? ಅದೊಂದ್ ಹೇಳಿ ಸಾಕು."

 ಟಿವಿಯಲ್ಲಿ ಯಾವುದೋ ಅಡಿಗೆ ಕಾರ್ಯಕ್ರಮ ಬರುತ್ತಿತ್ತು.

ಮಂಜ ಸಾಲ ಮಾಡಬಹುದಿದ್ದ ಕಡೆಯೆಲ್ಲ ಮಾಡಿದ. ನಾವೂ ಕೊಟ್ಟೆವು, ಅಣ್ಣನೂ ಕೊಟ್ಟ. ಆ ಲೆಕ್ಕ ಇಲ್ಲಿ ಬೇಡ, ಅದರಲ್ಲಿ ಯಾರಿಗೂ ಕಲಿಯುವುದು ಇಲ್ಲ. ಕೊನೆಗೆ ಒಂದು ದಿನ ಆಸ್ಪತ್ರೆಯವರು ತುಂಬ ಮರ್ಯಾದೆಯಿಂದ ಕರೆದು ಕೂರಿಸಿ, ಚಹಾ ತರಿಸಿ, ಮುಂದೇನು ಮಾಡುತ್ತೀರಿ ಎಂದು ಕೇಳಿದರು. ಹಾಗೆ ಕೇಳಿದರೆ ಏನರ್ಥ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅದೇ ಪಟ್ಟಣದ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಎಂದಾಯಿತು. ಅಲ್ಲಿ ಖರ್ಚು ಇರಲಿಲ್ಲ. ಡಾಕ್ಟರುಗಳೂ ಒಳ್ಳೆಯವರೇ, ಒಬ್ಬೊಬ್ಬರು ನಾಲ್ಕು ಜನರ ಕೆಲಸ ಮಾಡುತ್ತಿದ್ದರು. ಖಾಲಿ ಮೆಶಿನ್ ಒಂದಿರಲಿಲ್ಲ. ಒಂದು ಖಾಲಿಯಾಗುವವರೆಗೆ ಕೈಯಿಂದ ಒತ್ತುವ ಚೀಲದಲ್ಲಿ ಉಸಿರು ಕೊಡಬೇಕು, ಮನೆಯವರೂ ಕೈ ಜೋಡಿಸಿ ಎಂದರು. ಮಂಜ ಒತ್ತಿದ, ಅವಳ ಅಣ್ಣ ಒತ್ತಿದ, ನಮ್ಮ ಮನೆಯವರು ಒತ್ತಿದರು, ಸರ್ಕಾರದ ಸುದ್ದಿ ಬಿಟ್ಟು ನಮ್ಮಣ್ಣನೂ ಒತ್ತಿದ. ಮಾರನೇ ಮಧ್ಯಾಹ್ನ ನಮ್ಮಣ್ಣನ ಕೈಯಲ್ಲಿ ಚೀಲ ಇದ್ದಾಗ ಡಾಕ್ಟರು ಬಂದು, ಇನ್ನು ಸಾಕು ಎಂದು ಅವನ ಭುಜ ಮುಟ್ಟಿದರು.

ನಾನು ಆಗ ಮನೆಯಲ್ಲಿ ಚಾಪೆಯ ಮೇಲಿದ್ದೆ. ಫೋನು ಬಂದಾಗ ಎದ್ದು ಅವಳ ಮನೆಗೆ ಹೋಗಿ ಒಲೆ ಹಚ್ಚಿದೆ. ಎಲ್ಲರೂ ಹಸಿದು ಬರುತ್ತಾರೆ ಎಂದಲ್ಲ. ಸತ್ತ ಮನೆಯಲ್ಲಿ ಒಲೆ ಹಚ್ಚಬಾರದು ಎನ್ನುವುದೂ ನೆನಪಾಗಲಿಲ್ಲ. ಅವಳ ಒಲೆ ತಣ್ಣಗೆ ಬಿದ್ದಿರುವುದನ್ನು ನೋಡಲು ನನ್ನ ಕೈಲಿ ಆಗಲಿಲ್ಲ. ಪಕ್ಕದ ಮನೆಯವರು ಬಂದು ನೀರು ಹಾಕಿ ಆರಿಸಿದರು.

ಈ ಕಾಯಿಲೆ ಹೋದ ಮೇಲೂ ಹೋಗುವುದಿಲ್ಲ. ತಿಂಗಳುಗಟ್ಟಲೆ ಕೂದಲು ಹಿಡಿ ಹಿಡಿಯಾಗಿ ಬಂತು. ಹೊಸಿಲು ದಾಟಿದರೆ ಏದುಸಿರು. ಎಲ್ಲಕ್ಕಿಂತ ಕಷ್ಟ ಕೈಯ ನಡುಕ. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಹೊಲಿಯುವವಳಿಗೆ ಅದಕ್ಕಿಂತ ಅವಮಾನ ಉಂಟೇ? ಒಂದು ಬೆಳಿಗ್ಗೆ ನೋಡಿದರೆ ಮೆಶಿನ್ನಿನ ಮೇಲಿನ ಬಟ್ಟೆಯ ಉಂಡೆಯಲ್ಲಿ ಸಾಲಾಗಿ ಸೂಜಿಗಳು, ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ದಾರ. ನಮ್ಮ ಮನೆಯವರು ಸೊಸೈಟಿಗೆ ಹೋಗುವ ಮೊದಲು ಕನ್ನಡಕ ಹಾಕಿಕೊಂಡು ಕೂತು ಪೋಣಿಸಿಟ್ಟಿದ್ದರು.  ಇವತ್ತಿಗೂ ಪೋಣಿಸಿಡುತ್ತಾರೆ. ಅವರೂ ಅಣ್ಣನೂ ಈಗ ಸೇರಿದಾಗ ಸರ್ಕಾರದ ಸುದ್ದಿ ಎತ್ತುವುದಿಲ್ಲ. ಅಡಿಕೆ ದರ, ಅಣ್ಣನ ಮಗಳ ಓದು, ಅಷ್ಟೇ.

ಜನ ನನ್ನನ್ನು ಕೇಳುತ್ತಾರೆ, ನಿನ್ನನ್ನು ಉಳಿಸಿದ್ದು ಸರ್ಕಾರ ಅಲ್ಲವಾ ಎಂದು. ಹೌದು. ನಾನು ಕೃತಘ್ನಳಲ್ಲ. ಆದರೆ ನನ್ನನ್ನು ಒಳಗೆ ಬಿಟ್ಟ ನಿಯಮವೇ ಅವಳನ್ನು ಹೊರಗೆ ನಿಲ್ಲಿಸಿತು. ದುಡ್ಡು ಕೇಳಿದ ಬಾಗಿಲು ಅವಳಿಗೆ ತೆರೆಯಿತು, ದುಡ್ಡು ಮುಗಿದಾಗ ಮುಚ್ಚಿತು. ಅವಳು ಮಾಡಿದ ತಪ್ಪು ಒಂದೇ, ನನ್ನ ಹಾಗೆ ಮೊದಲ ದಿನವೇ ಮಲಗಲಿಲ್ಲ. ನನಗೆ ಗಂಜಿ ತರುತ್ತಿದ್ದಳು. ಸರ್ಕಾರದ ಯಾವ ನಿಯಮದಲ್ಲೂ, ಯಾವ ಆಸ್ಪತ್ರೆಯ ರೇಟಿನಲ್ಲೂ ಅದಕ್ಕೊಂದು ಜಾಗ ಇಲ್ಲ. 

ಈ ವರ್ಷ ಮತ್ತೆ ಎಲೆ ಉದುರುವ ಹೊತ್ತಿಗೆ ಅದೇ ಬೆಟ್ಟದಲ್ಲಿ ಇನ್ನೊಂದು ಮಂಗ ಸತ್ತಿತ್ತು. ಈ ಸಲ ನಾನೇ ಆಸ್ಪತ್ರೆಗೆ ಫೋನು ಮಾಡಿದೆ. ಮೈತುಂಬ ಬಿಳಿ ಬಟ್ಟೆ ಹಾಕಿಕೊಂಡು ಬಂದವರು ಏನೋ ಪುಡಿ ಚೆಲ್ಲಿ, ಕಟ್ಟಿಗೆ ಒಟ್ಟಿ ಸುಟ್ಟರು. ನಾನು ಅವರು ಹೇಳಿದಷ್ಟು ದೂರದಲ್ಲೇ ನಿಂತಿದ್ದೆ, ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಅವರು ಹೋದ ಮೇಲೆ, ನಿಂತಲ್ಲಿಯೇ ಚೊಂಬಿನ ನೀರನ್ನು ನೆಲಕ್ಕೆ ಬಿಟ್ಟು ಬಂದೆ. ನಾಗವೇಣಿ ಇದ್ದಿದ್ದರೆ ಇದೆಂಥ ಶಾಸ್ತ್ರ ಎಂದು ನಗುತ್ತಿದ್ದಳು.

ಅದಾದ ಮೇಲೆ ಆರೋಗ್ಯ ಇಲಾಖೆಯ ಒಬ್ಬರು ಎಣ್ಣೆ ಹಂಚಲು ಮನೆಮನೆಗೆ ಬಂದರು. ಹೊಸದಾಗಿ ವರ್ಗವಾಗಿ ಬಂದವರು, ಮಧ್ಯವಯಸ್ಸು, ಬಿಸಿಲಲ್ಲಿ ನಡೆದು ಸುಸ್ತಾಗಿದ್ದರು. ಮಜ್ಜಿಗೆ ಕೊಟ್ಟೆ. ಮಂಜ ಅಂಗಳದ ಆಚೆ ತುದಿಯಲ್ಲಿ ಹೆಡಿಗೆ ಕಟ್ಟುತ್ತ ಕೂತಿದ್ದ. ಅವನು ಆ ವರ್ಷದಿಂದ ಸರ್ಕಾರದವರು ಏನು ಕೊಟ್ಟರೂ ಮುಟ್ಟುವುದಿಲ್ಲ. ಬರಿ ಕಾಲಿನಲ್ಲಿ, ಎಣ್ಣೆ ಹಚ್ಚದೆ ಬೆಟ್ಟಕ್ಕೆ ಹೋಗುತ್ತಾನೆ. ಹೇಳಿ ಹೇಳಿ ನನ್ನ ಬಾಯಿ ಬತ್ತಿತ್ತು. ಬಂದವರು ಕಾಗದ ತೆಗೆದು, ಕಾಯಿಲೆ ಬಂದ ಮನೆಗಳಿಗೆ, ಬಂದವರ ತಲೆಗೊಂದರಂತೆ, ಬಾಟಲಿ ಮೊದಲು ಕೊಡುತ್ತಿದ್ದೇವೆ, ಈ ಮನೆಯಲ್ಲಿ ಎಷ್ಟು ಜನಕ್ಕೆ ಬಂದಿತ್ತು ಎಂದರು.

"ಇಬ್ರಿಗೆ" ಎಂದೆ.

ಅವರು ಕಾಗದದ ಮೇಲೆ ಬೆರಳಾಡಿಸಿ, ತಮ್ಮ ಹತ್ತಿರ ಒಂದೇ ಹೆಸರು ಇದೆ ಎಂದರು.

"ನಿಮ್ಮ ಹತ್ರ ಒಬ್ರು. ನಮ್ಮ ಅಂಗಳದಾಗೆ ಇಬ್ರು. ಒಬ್ಳು ನಾನು, ಇನ್ನೊಬ್ಳು ನಾಗವೇಣಿ. ಅವ್ಳು ಈಗಿಲ್ಲೆ."

ನನ್ನ ದನಿ ನನಗೇ ಗಡುಸಾಗಿ ಕೇಳಿತು. ಅವರು ಮಂಜನ ಕಡೆ ಒಮ್ಮೆ ನೋಡಿದರು, ಅವನು ಹೆಡಿಗೆ ಕಟ್ಟುವುದನ್ನು ನಿಲ್ಲಿಸಿದ್ದ. ಪೆನ್ನು ಹಿಡಿದರು, ಹೆಸರು ಬರೆಯಲಿಲ್ಲ. ಅದು ಅವರ ಕೈಯಲ್ಲಿ ಇರಲಿಲ್ಲ, ನನಗೂ ಗೊತ್ತಿತ್ತು. ಪೆನ್ನನ್ನು ಮತ್ತೆ ಕಿಸೆಗೆ ಹಾಕಿ, ಚೀಲದಿಂದ ಒಂದು ಬಾಟಲಿ ತೆಗೆದು ಜಗಲಿಯ ಮೇಲಿಟ್ಟರು. ಸ್ವಲ್ಪ ತಡೆದು ಅದರ ಪಕ್ಕ ಇನ್ನೊಂದನ್ನು ಇಟ್ಟರು. ಮಜ್ಜಿಗೆ ಚೆನ್ನಾಗಿತ್ತು ಎಂದು ಹೇಳಿ ಮುಂದಿನ ಮನೆಗೆ ಹೋದರು.

ಮಂಜ ಎದ್ದು ಬಂದ. ಎರಡೂ ಬಾಟಲಿಯನ್ನು ನೋಡುತ್ತ ನಿಂತ. ಆಮೇಲೆ ಎರಡನೆಯದನ್ನು ತೆಗೆದುಕೊಂಡು ಅಲ್ಲೇ ಜಗಲಿಯ ಮೇಲೆ ಕೂತು, ಲುಂಗಿ ಮೇಲೆತ್ತಿ ಕಾಲಿಗೆ ಸವರಿಕೊಳ್ಳತೊಡಗಿದ. ಪಾದಕ್ಕೆ, ಮೀನಖಂಡಕ್ಕೆ, ಬೆರಳ ಸಂದಿಗೆ, ನಿಧಾನಕ್ಕೆ.

"ಇದು ಅವ್ಳ ಪಾಲಿಂದು ಅತ್ತಿಗೆ" ಎಂದ.

ಸರ್ಕಾರದಿಂದ ನಾಗವೇಣಿಗೆ ಸಿಕ್ಕಿದ್ದು ಅದೊಂದೇ.